ಹಾಗಲಬಳ್ಳಿ ಎಂದು ನಾನು ಸಾಕಿದ್ದು

ಹಾಗಲಕಾಯಿ ಗೊಜ್ಜು ತಿಂದೇ ಬೆಳೆದವಳು ನಾನು. ಹಾಗಾಗಿ ಅಮೆರಿಕದ ವಿಕ್ಸಮ್ ಊರಿನ ನಮ್ಮ ಹಿತ್ತಲ ಬೇಲಿ ಪಕ್ಕ ಒರಟು ಎಲೆಯ ಬಳ್ಳಿಯೊಂದು ತಾನಾಗೇ ತಲೆ ಎತ್ತಿದಾಗ, ಕನ್ನಡಕವನ್ನೂ ಹಾಕಿಕೊಳ್ಳದೆ ತೀರ್ಪು ಕೊಟ್ಟೆ: ಹಾಗಲಬಳ್ಳಿ!

ನಮ್ಮ ಯಜಮಾನರಿಗೆ ಆಗಷ್ಟೇ ಶಿಕಾಗೋ ಕಡೆ, ಇಟಾಸ್ಕಾ ಆಫೀಸಿಗೆ ವರ್ಗವಾಗಿತ್ತು. ಯಾವಾಗಲೋ ಒಂದು ವೀಕೆಂಡ್ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಉಳಿದಂತೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಸದ್ದು. ಬಳ್ಳಿಯ ಜೊತೆ ಮಾತಾಡತೊಡಗಿದೆ. ಅದು ಎದುರುತ್ತರ ಕೊಡಲಿಲ್ಲ, ಬೆಳೆಯಿತು! ಬೆಳಿಗ್ಗೆ ನೋಡಿದ್ದಕ್ಕಿಂತ ಸಂಜೆಗೆ ಉದ್ದ. ಹಗ್ಗಕ್ಕೆ ನಾನು ಎಡಕ್ಕೆ ಸುತ್ತಿದರೆ, ಅದು ಬಿಚ್ಚಿಕೊಂಡು ಗಡಿಯಾರದ ಮುಳ್ಳಿನಂತೆ ಬಲಕ್ಕೇ ಸುತ್ತಿಕೊಳ್ಳುತ್ತಿತ್ತು. ಕಾಂಡದ ಗರಗಸದಂಥ ಕೂದಲು ತಾಗಿ ನನ್ನ ಕೈತುಂಬ ಗೀರು.

ವಿಡಿಯೋ ಕಾಲ್‌ನಲ್ಲಿ ಯಜಮಾನರು ಕೇಳಿದರು, "ಹಳದಿ ಹೂವೆಲ್ಲೇ, ಸುಮಾ?"

"ಅಮೆರಿಕದ ಜಾತಿ ರೀ. ಹೂವಿಲ್ಲದೇ ಕಾಯಿ ಬಿಡುತ್ತೆ!"

ಆಗಸ್ಟಿನಲ್ಲಿ ಬಿಟ್ಟೇಬಿಟ್ಟಿತು. ಹೆಬ್ಬೆರಳಿನಷ್ಟು ಕಾಯಿ, ತೆಳು ಹಸಿರು ಪಕಳೆ ಒಂದರ ಮೇಲೊಂದು ಜೋಡಿಸಿದ ಹಾಗೆ. ನೆಕ್ಕಿ ನೋಡಿದೆ. ಕಹಿ! ಇನ್ನೇನು ಸಾಕ್ಷಿ ಬೇಕು?

ಪಕ್ಕದ ಊರು ನೋವೈಯ ಕನ್ನಡ ಬಳಗದ ಪದ್ಮಾ ಆಂಟಿಯನ್ನು ಊಟಕ್ಕೆ ಕರೆದೆ. ಮನೆಗೆ ಯಾರಾದರೂ ಬಂದು ಎಷ್ಟೋ ಕಾಲವಾಗಿತ್ತು. ಒಬ್ಬರಿಗೋಸ್ಕರ ಒಂದು ಮದುವೆಗಾಗುವಷ್ಟು ಗೊಜ್ಜು ಮಾಡಿದೆ. ಹಿತ್ತಲ ಡೆಕ್ ಮೇಲೇ ಬಡಿಸಿದೆ.

ಆಂಟಿ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಬೇಗ ತೆರೆಯಲಿಲ್ಲ.

"ಇದು... ಔಷಧಾನೇನಮ್ಮಾ?"

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ಗ್ಯಾರಿ ಇಂಗ್ಲಿಷಿನಲ್ಲಿ ಕೂಗಿದ. "ಎಂಥಾ ಹಾಪ್ಸ್ ಬೆಳೆಸಿದ್ದೀಯ, ಸುಮಾ! ನಾನು ಮನೆಯಲ್ಲೇ ಬಿಯರ್ ಮಾಡ್ತೀನಿ, ಅದಕ್ಕೆ ಕಹಿ ಬರೋದೇ ಈ ಕಾಯಿಂದ. ಸ್ವಲ್ಪ ಕೊಡ್ತೀಯಾ? ಇದು ಹೆಣ್ಣು ಗಿಡ. ಗಂಡು ಗಿಡ ಹತ್ತಿರ ಇಲ್ಲದಿದ್ದರೂ ಕಾಯಿ ಬಿಡುತ್ತೆ. ಚಳಿಗಾಲದಲ್ಲಿ ನೆಲದವರೆಗೂ ಒಣಗುತ್ತೆ, ಆದರೆ ಬೇರು ಬದುಕಿರುತ್ತೆ!"

ಎಲ್ಲ ಒಯ್ಯಿ ಮಾರಾಯ ಅಂದೆ. ಗಂಡು ಗಿಡ ಇಲ್ಲದಿದ್ದರೂ ಎಂಬ ಮಾತು ಮಾತ್ರ ಯಾಕೋ ಗೊಜ್ಜಿಗಿಂತ ಕಹಿ ಅನ್ನಿಸಿತು.

ಪದ್ಮಾ ಆಂಟಿಗೆ ಕೇಳಿಸಿದ್ದು ಒಂದೇ ಪದ. ಬಿಯರ್.

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ನೋವೈ ಮುಟ್ಟಿತ್ತು. ಗಂಡ ಊರಲ್ಲಿಲ್ಲ, ಸುಮಾ ಬಿಯರ್ ಬೆಳೀತಿದಾಳೆ! ಬೇಸಿಗೆಯಿಡೀ ಮೂಕವಾಗಿದ್ದ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಕೊನೆಗೆ ಆಂಟಿಯೇ ಮಾಡಿದರು.

"ಒಬ್ಬಳೇ ಇದ್ದೂ ಇದ್ದೂ ಹೀಗಾಯ್ತೇನಮ್ಮಾ?"

ಅಯ್ಯೋ, ನಾನು ಕುಡಿಯೋಳಲ್ಲ ಅನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ.

"ಹೌದು ಆಂಟಿ. ತುಂಬಾ ಬೇಜಾರು. ಇನ್ನೊಮ್ಮೆ ಊಟಕ್ಕೆ ಬನ್ನಿ."

"ಎಲ್ಲರೂ ಬರ್ತೀವಿ ಕಣಮ್ಮಾ," ಅಂದರು ಆಂಟಿ, ಮೆತ್ತಗೆ. "ಆದರೆ ಅಡುಗೆ ನಾವೇ ತರ್ತೀವಿ!"