ವಂಶವಾಹಿಯೂ ಮಾವನ ಕಾಲ್ಬೆರಳೂ

ನನ್ನ ಸೋದರಮಾವನಿಗೂ ವಿದ್ಯುತ್ತಿಗೂ ಬಾಲ್ಯಸ್ನೇಹವೆಂದರೆ ನೀವು ನಂಬಲಿಕ್ಕಿಲ್ಲ. ಬೇಕಿದ್ದರೆ ವಿದ್ಯುತ್ತನ್ನೇ ಕೇಳಿ ನೋಡಿ! ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಮೋಟಾರು ರಿಪೇರಿ ಮಾಡುತ್ತಲೇ ತಲೆ ನೆರೆತ ಅವರು ಟೆಸ್ಟರ್ ಮುಟ್ಟಿದವರಲ್ಲ. ಬೆರಳಿನ ಹಿಂಬದಿಯನ್ನು ತಂತಿಗೆ ಸೋಕಿಸಿ, ನಾಡಿ ನೋಡುವ ಪಂಡಿತರಂತೆ ಕಣ್ಣುಮುಚ್ಚಿ, “ಉಂಟು, ಆದರೆ ಸ್ವಲ್ಪ ವೀಕ್” ಎಂದು ಘೋಷಿಸುತ್ತಾರೆ. ಇಂಥ ಧೀರರಿಗೆ ಸೂಜಿ ಕಂಡರೆ ಆಗದು! ಬಾಲ್ಯದಲ್ಲಿ ನನಗೆ ಲಸಿಕೆ ಹಾಕಿಸಲು ಕರೆದೊಯ್ದು, ತಾವೇ ಮೂರ್ಛೆ ಹೋಗಿದ್ದರು. ಗಾಳಿ ಬೀಸಿದವಳು ನಾನು.

ಈಚೆಗೆ ಸಕ್ಕರೆ ಕಾಯಿಲೆಯಿಂದ ಅವರ ಕಾಲ್ಬೆರಳಿನಲ್ಲಿ ಹುಣ್ಣಾಯಿತು. ಮಾಯದಿದ್ದರೆ ಬೆರಳನ್ನೇ ತೆಗೆಯಬೇಕಾದೀತೆಂದು ಡಾಕ್ಟರು ಎಚ್ಚರಿಸಿದರು. ನೆರೂಳದ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆಯ ಪ್ರಯೋಗ ನಡೆದಿತ್ತು. ಔಷಧವನ್ನು ಚರ್ಮದ ಮೇಲಿಟ್ಟು ಕ್ಷಣಾರ್ಧದ ವಿದ್ಯುತ್ ಮಿಡಿತ ಕೊಟ್ಟರೆ, ಜೀವಕೋಶಗಳ ಬಾಗಿಲು ತುಸು ತೆರೆದು ಅದು ಒಳಹೋಗುತ್ತದೆಯಂತೆ. ಸೂಜಿಯಿಲ್ಲ, ಕರೆಂಟುಂಟು! ಮಾವನ ಅಳತೆಗೇ ಹೊಲಿಸಿದಂತಿರಲಿಲ್ಲವೇ?

ಮನೆತನದ ಮೊದಲ ಪದವೀಧರೆಯಾದ್ದರಿಂದ ವಿವರಿಸುವ ಹೊಣೆ ನನ್ನದಾಯಿತು. ತಪ್ಪು ಪದ ಬಳಸಿದರೆ ಪದವಿಗೇ ಅವಮಾನ! ನಿಘಂಟಿನಲ್ಲಿ ‘ಜೀನ್’ ಎಂಬುದಕ್ಕೆ ಕನ್ನಡ ಪದ ಹುಡುಕಿ, ಗಂಟಲು ಸರಿಪಡಿಸಿಕೊಂಡು, “ಇದು ವಂಶವಾಹಿ ಔಷಧ, ಮಾವ” ಎಂದೆ.

ಮಾವನ ಮುಖದ ಫ್ಯೂಸ್ ಹೋಯಿತು. “ಯಾರ ವಂಶ?”

“ಪ್ರಯೋಗಾಲಯದಲ್ಲಿ ತಯಾರಿಸಿದ್ದು.”

“ಅಂದ್ರೆ ಅಪ್ಪ ಅಮ್ಮ ಇಲ್ಲದ್ದಾ? ಬೇಡ ಮಾರಾಯ್ತಿ.”

“ಶಾಕ್ ಹೊಡೆದೀತೆಂದು ಹೆದರಿಕೆಯೇ?”

“ನನಗಾ? ಲೋಕಲ್ ಗಾಡಿಯ ಮೇಲಿನ ತಂತಿ ಒಂದು ಬಿಟ್ಟು ಎಲ್ಲ ಮುಟ್ಟಿದ್ದೇನೆ. ಅದೂ ಎಟುಕದ್ದಕ್ಕೆ ಬಿಟ್ಟದ್ದು!”

“ಹಾಗಾದರೆ ಬೆರಳು ಹೋಗಲಿ ಎನ್ನುತ್ತೀರಾ?”

“ಇನ್ನೂ ಒಂಬತ್ತು ಉಂಟಲ್ಲ. ಚಲ್ತಾ ಹೈ.”

ಡಾಕ್ಟರನ್ನು ಕೇಳಿಯಾದರೂ ಬರೋಣವೆಂದು ಪುಸಲಾಯಿಸಿ ಹೊರಡಿಸಿದೆ. ಗಾಡಿ ಬದಲಿಸಲು ಠಾಣೆ ರೈಲು ನಿಲ್ದಾಣದಲ್ಲಿ ಇಳಿದದ್ದೇ ತಡ, ಬೆಂಚಿನ ಮೇಲೆ ಕುಳಿತುಬಿಟ್ಟರು. ಎಳೆದರೂ ಏಳಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದರು: “ನೋಡು, ನಮ್ಮ ತುಳುವರಲ್ಲಿ ವಂಶ ಬರುವುದು ತಾಯಿಯಿಂದ. ನನ್ನಮ್ಮನಿಂದ ನಿನ್ನಮ್ಮ, ಅವಳಿಂದ ನೀನು. ಮದುವೆಯೇ ಆಗದ ನನಗೆ ವಂಶ ಅಂದ್ರೆ ನೀನೇ ಅಲ್ವಾ? ಮೈಯೊಳಗೆ ಬೇರೆಯದ್ದು ಹೊಕ್ಕರೆ, ಮತ್ತೆ ನಾನು ನಿನಗೆ ಯಾರು?”

ನನ್ನ ಶುದ್ಧ ಕನ್ನಡವೆಲ್ಲ ಅಲ್ಲಿಯೇ ಕೈಕೊಟ್ಟಿತು.

“ಅದು ಬರೇ ಮದ್ದು, ಮಾವ. ಗಾಯ ಮಾಯಿಸ್ಲಿಕ್ಕೆ ಮೈಗೆ ಹೇಳ್ತದೆ, ಮತ್ತೆ ಕರಗಿ ಹೋಗ್ತದೆ. ನೀವು ನನ್ನ ಮಾವನೇ.”

“ಖಂಡಿತವಾ?”

“ಖಂಡಿತ.”

ನೆರೂಳದ ಗಾಡಿ ಬಂತು. ಯಾರ ಆಸರೆಯನ್ನೂ ಒಪ್ಪದ ಮಾವ, ನನ್ನ ಹೆಗಲ ಮೇಲೆ ಕೈಯಿಟ್ಟು, ತಮ್ಮ ಭಾರವನ್ನೆಲ್ಲ ಬಿಟ್ಟು ಎದ್ದರು.