ನೀಲಿ ಅಳಿಯನ ಆಲ್ಬಮ್

ರಾಪ್ ಹಾಡುವುದು ಏನು ಮಹಾ ಎಂದುಕೊಂಡಿದ್ದೆ. ಕಾಲೇಜಿಗೆ ಹೋಗುವ ಮಗಳು ಒಂದು ಆಲ್ಬಮ್ ಕೇಳಿಸಿದಳು. ಏಳು ಹಾಡು, ಏಳೂ ಸೇರಿ ಒಂದೇ ಕತೆ. ಮುಗಿಯುವ ಹೊತ್ತಿಗೆ ನನ್ನ ತೀರ್ಮಾನವಾಗಿತ್ತು: ನಾನೂ ಇಂಥ ಏಳು ಹಾಡು ಕಟ್ಟುತ್ತೇನೆ. ಆಂಧ್ರದ ಗಡಿಯೂರು ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರನಾದ ನಾನು ದಿನಕ್ಕೆ ಹತ್ತು ಕತೆ ಹೇಳುತ್ತೇನೆ. ಕೇಳುವವರಿಲ್ಲ ಎಂಬುದೊಂದೇ ಕೊರಗು. ತಾಳಕ್ಕೆ ಹೊಲಿಗೆ ಮಿಷನ್ನುಗಳಿವೆ. ಇನ್ನೇನು ಬೇಕು?

ಕತೆಗೆ ನನ್ನ ಮದುವೆಯನ್ನೇ ಆರಿಸಿದೆ. ನಾನು ಹೆಣ್ಣು ನೋಡಲು ಕಣೇಕಲ್ಲಿಗೆ ಹೋಗುತ್ತೇನೆ, ತುಂಬಿದ ಕೆರೆಯನ್ನು ಈಜಿ ದಾಟುತ್ತೇನೆ, ಒದ್ದೆ ಬಟ್ಟೆಯ ವೀರನನ್ನು ಕಂಡು ಹುಡುಗಿ ಅಲ್ಲೇ ಮನಸೋಲುತ್ತಾಳೆ. ನನಗೆ ಈಜು ಬರುವುದಿಲ್ಲ. ಕಲೆಗೆ ಅಷ್ಟೂ ಸ್ವಾತಂತ್ರ್ಯ ಬೇಡವೇ!

ಮಗಳೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದಳು. ಯೂನಿಟ್ಟಿನ ಸ್ಪೀಕರಿಗೆ ಅವಳೇ ಬಂದು ಜೋಡಿಸಿ ಲೋಕಾರ್ಪಣೆ ಮಾಡಿದಳು. ಹೆಂಗಸರೆಲ್ಲ ಹೊಲಿಯುತ್ತಲೇ ಕಿವಿ ಕೊಟ್ಟರು. ನನ್ನ ಎದೆ ಉಬ್ಬಿತು. ಒಂದನ್ನು ಮಾತ್ರ ಮರೆತಿದ್ದೆ. ಜೇಬು ಹೊಲಿಯುವ ಸಾಲಿನಲ್ಲಿ ನನ್ನ ಹೆಂಡತಿ ಶಾರದಾ ಕೂರುತ್ತಾಳೆ.

ನಾಲ್ಕನೇ ಹಾಡಿನಲ್ಲಿ ನಾನು ಕೆರೆಗೆ ಧುಮುಕಿದೆ. ಶಾರದಾ ಮಿಷನ್ ನಿಲ್ಲಿಸಿದಳು.

"ಯಾವ ಕೆರಿ ಈಜಿದ್ರಿ? ಕಾಲು ತೊಳಕೊಳ್ಳಾಕ ಹೋಗಿ ಮೆಟ್ಟಿಲ ಮ್ಯಾಲೆ ಜಾರಿ ನೀರಿಗೆ ಬಿದ್ದಿದ್ರಿ. ನಮ್ಮಜ್ಜಿ ಬೆಲ್ಟ್ ಹಿಡಿದು ಎಳೀಲಿಲ್ಲೇನು?"

"ಶಾರದಾ, ಇದು ಕಲಾಕೃತಿ..."

"ಹೊಸ ಜೀನ್ಸ್ ಬಣ್ಣ ಬಿಟ್ಟು, ನಮ್ಮವ್ವ ನಿಮಗ ಹಾಸಿದ್ದ ಬಿಳಿ ಚಾದರ ನೀಲಿ ಆತು. ಅದನ್ನೂ ಹಾಡ್ರಿ!"

ಯೂನಿಟ್ಟೇ ನಕ್ಕಿತು. ಸುಮ್ಮನಿರಬೇಕಿತ್ತು. "ಧೈರ್ಯ ಇದ್ರ ನೀನ ಹಾಡು" ಎಂದುಬಿಟ್ಟೆ!

ಊರ ಮದುವೆಗಳಲ್ಲಿ ಬೀಗರ ಹಾಡು ಹಾಡಿ ಗಂಡಿನ ಕಡೆಯವರ ಮಾನ ಹರಾಜು ಹಾಕಿದ ಗಂಟಲು ಅದು. ಸ್ಪೀಕರಿನಲ್ಲಿ ನನ್ನದೇ ತಾಳ ಓಡುತ್ತಿತ್ತು. "ಕೆರಿಗೆ ಬಿದ್ದಾನ ಅಳಿಯ, ನೀಲಿ ಆದಾನ ಅಳಿಯ" ಎಂದು ಎತ್ತಿದಳು. ಉಳಿದ ಹೆಂಗಸರು ಸೊಲ್ಲು ಹಿಡಿದರು. ಸ್ವಂತ ಮಗಳು ಅದನ್ನೂ ರೆಕಾರ್ಡ್ ಮಾಡಿಕೊಂಡಳು.

ನನ್ನ ಆಲ್ಬಮ್ಮಿನ ಸಾಂಸ್ಕೃತಿಕ ಪ್ರಭಾವ ಅಗಾಧವಾದುದೆಂದು ವಿನಯಪೂರ್ವಕವಾಗಿ ನಿವೇದಿಸುತ್ತೇನೆ. ನನ್ನ ಏಳು ಹಾಡನ್ನು ಯಾರೂ ಪೂರ್ತಿ ಕೇಳಲಿಲ್ಲ. ನೀಲಿ ಅಳಿಯ ಮಾತ್ರ ವಾರದೊಳಗೆ ವಾಟ್ಸಾಪ್ ಹತ್ತಿ ಊರೂರು ಸುತ್ತಿದ. ಟೀ ಅಂಗಡಿಯಲ್ಲಿ ತೆಲುಗಿನಲ್ಲೂ ಹಾಡತೊಡಗಿದರು. ಅಲ್ಲಿ ನಾನು ನೀಲಿ ಅಲ್ಲುಡು. ಎರಡು ಭಾಷೆಯಲ್ಲೂ ನೀಲಿಯೇ!

ಮೊನ್ನೆ ಶಾರದಾಳ ಜೊತೆ ಗುಮ್ಮಘಟ್ಟಕ್ಕೆ ಷೇರ್ ಆಟೋ ಹತ್ತಿದೆ. ಅದೇ ಹಾಡು ಓಡುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿ, "ನೀಲಿ ಅಳಿಯ ನೀವ ಏನ್ರಿ?" ಅಂದ.

"ಛೇ! ಅವ ನಮ್ಮಣ್ಣ ರೀ" ಅಂದೆ. ನನಗೆ ಅಣ್ಣನಿಲ್ಲ. ಆದರೂ ಮಾನ ಉಳಿಯಿತಲ್ಲ ಎಂದುಕೊಂಡೆ.

ಶಾರದಾ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಹಂಗಾದ್ರ ಅವತ್ತು ನಾನು ಕಟ್ಟಿಕೊಂಡಿದ್ದು ಯಾರನ್ನ?"

ಆಟೋದಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

"ನಾನ ರೀ ನೀಲಿ ಅಳಿಯ" ಎಂದು ಕೈಮುಗಿದೆ. ಡ್ರೈವರ್ ಹಾಡನ್ನು ಮೊದಲಿಂದ ಹಾಕಿದ.