ಕಾವೇರಿಯ ದ್ವೀಪಕ್ಕೆ ಹತ್ತು ಲೀಟರ್ ನೀರು

ಮೇಷ್ಟರಾದವರು ತಾವು ಕಲಿಸಿದ್ದರಲ್ಲಿ ಕಾಲು ಭಾಗವನ್ನೂ ಕಣ್ಣಾರೆ ಕಂಡಿರುವುದಿಲ್ಲ. ಇದನ್ನು ಕೆಲಸದಲ್ಲಿರುವ ಯಾವ ಮೇಷ್ಟರೂ ಒಪ್ಪುವುದಿಲ್ಲ. ನಾನು ನಿವೃತ್ತನಾದ್ದರಿಂದ ಧೈರ್ಯವಾಗಿ ಒಪ್ಪುತ್ತೇನೆ. ‘ಸುತ್ತಲೂ ನೀರಿರುವ ಭೂಭಾಗವೇ ದ್ವೀಪ’ ಎಂದು ಚಳ್ಳಕೆರೆಯ ಹೈಸ್ಕೂಲಿನ ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದೆನೋ. ‘ಸುತ್ತಲೂ’ ಎಂಬುದನ್ನು ಮರೆತವರಿಗೆ ನಿರ್ದಯವಾಗಿ ಅರ್ಧ ಅಂಕ ಕತ್ತರಿಸಿದೆ. ಆದರೆ ನಾನೇ ಒಂದು ದ್ವೀಪವನ್ನೂ ನೋಡಿರಲಿಲ್ಲ. ನಮ್ಮ ಸೀಮೆಯಲ್ಲಿ ಸುತ್ತಲೂ ಇರುವುದು ಬಂಡೆ, ಜಾಲಿ ಮತ್ತು ಬಿಸಿಲು.

ಹೀಗಿರುವಾಗ ಮೊಳಕಾಲ್ಮೂರಿನಿಂದ ನಮ್ಮ ಅತ್ತೆ ಬಂದರು. ವಯಸ್ಸು ಎಪ್ಪತ್ತೈದು ದಾಟಿದ್ದರೂ ರೇಷ್ಮೆ ಸೀರೆಯಲ್ಲಿ ಒಂದೆಳೆ ತಪ್ಪಿದರೆ ಮಾರು ದೂರದಿಂದಲೇ ಹಿಡಿಯುವ ಕಣ್ಣು ಅವರದು. ಟಿವಿಯಲ್ಲಿ ಶ್ರೀರಂಗಪಟ್ಟಣ ಬಂದಾಗ ನಾನು ಸುಮ್ಮನಿರಲಾರದೆ, “ಅದು ದ್ವೀಪ ಅತ್ತೆ. ನಾಲ್ಕೂ ಕಡೆ ಕಾವೇರಿ, ನಡುವೆ ಕೋಟೆ” ಎಂದುಬಿಟ್ಟೆ.

“ನಾಲ್ಕೂ ಕಡೆ ನೀರಾ? ನನ್ನ ಕಣ್ಣಿಗೆ ತೋರಿಸ್ರಿ ಅಳಿಯಂದ್ರೆ, ಆಮೇಲೆ ನಂಬ್ತೀನಿ” ಎಂದರು ಅತ್ತೆ.

ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನಾದರೂ ಅವರು ಪೂರ್ತಿ ನಂಬಿದ್ದು ನೆನಪಿಲ್ಲ. ಈ ಸಲ ನಂಬಿಸಿಯೇ ತೀರಬೇಕು ಎಂದು ಹಠ ಹುಟ್ಟಿತು. ಆ ವಾರವೆಲ್ಲ ನನಗೆ ಕಾಲು ನೆಲಕ್ಕೆ ತಾಗಲಿಲ್ಲ. ಹಾಲಿನವನಿಗೂ ದ್ವೀಪದ ವಿಷಯ ಹೇಳಿದೆ, ಇಸ್ತ್ರಿಯವನಿಗೂ ಹೇಳಿದೆ. ಹೆಂಡತಿ ಶಾರದೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಅತ್ತೆ ಮಾತ್ರ ಬೀದಿ ತುದಿಯ ಶುದ್ಧ ನೀರಿನ ಘಟಕದಿಂದ ಹತ್ತು ಲೀಟರಿನ ಕ್ಯಾನು ತುಂಬಿಸಿ ಬಾಗಿಲಲ್ಲಿ ಇಟ್ಟರು. ನಮ್ಮ ಕಡೆ ಯಾವ ಊರಿಗೆ ಹೊರಟರೂ ನೀರು ಮನೆಯದೇ.

“ಅತ್ತೆ, ನಾವು ಹೋಗ್ತಿರೋದೇ ನೀರಿನ ಮಧ್ಯಕ್ಕೆ!” ಎಂದೆ.

“ಆ ನೀರು ನಮಗೆ ಒಗ್ಗುತ್ತೋ ಇಲ್ವೋ ಯಾರಿಗೆ ಗೊತ್ತು? ಹೊರ‍್ರಿ” ಎಂದರು. ಹೊತ್ತೆ.

ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿದ್ದು ಮಾರನೆಯ ಬೆಳಿಗ್ಗೆ ನಾವು ಮೂವರೂ ರೈಲು ಹತ್ತಿದೆವು. ರೈಲು ಸೇತುವೆಯ ಮೇಲೆ ಬರುವಾಗ ನದಿಯನ್ನು ತೋರಿಸಿ ಭಾಷಣ ಮಾಡಬೇಕೆಂದು ಮನಸ್ಸಿನಲ್ಲೇ ತಾಲೀಮು ನಡೆಸಿದ್ದೆ. ಆದರೆ ಊರು ಬಂತೆಂದು ಸೀಟಿನಡಿಯ ಕ್ಯಾನು ಎಳೆದರೆ ಅದು ಅಲ್ಲೇ ಸಿಕ್ಕಿಕೊಂಡಿತು. ಮೂವರೂ ಬಗ್ಗಿ ಎಳೆದು, ಉಸ್ಸೆಂದು ತಲೆಯೆತ್ತುವಷ್ಟರಲ್ಲಿ ಸ್ಟೇಷನ್ನು! ಹತ್ತು ಲೀಟರ್ ನೀರಿನ ಗಲಾಟೆಯಲ್ಲಿ ಇಡೀ ಕಾವೇರಿ ತಪ್ಪಿಹೋಗಿತ್ತು.

ಆದರೂ ನನ್ನ ಉತ್ಸಾಹ ಇಳಿಯಲಿಲ್ಲ. ಕೋಟೆಯ ಗೋಡೆ ಕಂಡದ್ದೇ ಕ್ಯಾನನ್ನು ಇನ್ನೊಂದು ಭುಜಕ್ಕೆ ದಾಟಿಸಿ ಓಡಿದೆ. ಅತ್ತೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿದರು.

“ಬೆಟ್ಟ ಎಲ್ಲೈತ್ರಿ? ನಮ್ಮ ದುರ್ಗದಾಗೆ ಕೋಟೆ ನೋಡಿದ್ರೆ ಎರಡು ದಿನ ಮಂಡಿ ನೋಯ್ತೈತೆ. ಇದೇನ್ರಿ, ಅಂಗಳದಾಗೆ ನಡೆದಂಗೈತೆ.”

“ಅಲ್ಲಿ ಬೆಟ್ಟ ಮಾಡೋ ಕೆಲಸಾನ ಇಲ್ಲಿ ನದಿ ಮಾಡುತ್ತೆ ಅತ್ತೆ.”

“ಆ ನದೀನೇ ತೋರಿಸ್ರಿ ಅಂತಿರೋದು.”

ಬಂದೀಖಾನೆಗೆ ಇಳಿದೆವು, ರಂಗನಾಥನಿಗೆ ಕೈ ಮುಗಿದೆವು, ಆಟೋದಲ್ಲಿ ಗುಂಬಜ್‌ಗೆ ಹೋದೆವು. ಪ್ರತಿಯೊಂದು ಕಲ್ಲೂ ನನ್ನ ಹಳೆಯ ಪಾಠವನ್ನು ಒಪ್ಪಿಸುತ್ತಿದ್ದಂತಿತ್ತು. ದಾರಿಯಲ್ಲಿ ಒಂದು ಕಡೆ ನದಿ ತೋರಿಸಿದೆ. “ಒಂದು ಕಡೆ ಆಯ್ತು” ಎಂದರು ಅತ್ತೆ. ಇನ್ನೊಂದು ಕಡೆ ತೋರಿಸಿದೆ. “ಎರಡಾಯ್ತು. ಉಳಿದದ್ದು?” ಮೂವತ್ತು ವರ್ಷ ನಾನು ಕತ್ತರಿಸಿದ ಅರ್ಧ ಅಂಕಗಳೆಲ್ಲ ಒಟ್ಟಾಗಿ ತಿರುಗಿ ಬಿದ್ದಂತಾಯಿತು.

ಕೊನೆಗೆ ಅತ್ತೆಯೇ ಆಟೋದವರನ್ನು ಕೇಳಿದರು: “ಏನಪ್ಪಾ, ಸೇತುವೆ ದಾಟದಂಗೆ ಈ ಊರಿಂದ ಆಚೆ ಹೋಗಕಾಗ್ತೈತಾ?”

“ಎಲ್ಲಾದ್ರೂ ಉಂಟಾ ಅಜ್ಜಿ! ಯಾವ ಕಡೆ ಹೋದ್ರೂ ಸೇತುವೆ ದಾಟ್ಲೇಬೇಕು.”

ಎರಡು ಗಂಟೆಯ ನನ್ನ ಭೂಗೋಳವನ್ನು ಅತ್ತೆ ಒಂದೇ ಪ್ರಶ್ನೆಯಲ್ಲಿ ಮುಗಿಸಿದ್ದರು. “ಹಂಗಾದ್ರೆ ನಂಬಿದ್ರಾ?” ಎಂದೆ ಆಸೆಯಿಂದ.

“ಕೇಳಿದ್ದಾಯ್ತು. ಕಣ್ಣಿಗೆ ಇನ್ನೂ ಕಂಡಿಲ್ಲ” ಎಂದರು.

ಕವಲೊಡೆದ ಕಾವೇರಿ ಮತ್ತೆ ಒಂದಾಗುವ ಸಂಗಮದಲ್ಲಿ ಅತ್ತೆ ಸೀರೆ ಎತ್ತಿ ಹಿಡಿದು ಮೊಣಕಾಲವರೆಗೆ ನೀರಿಗಿಳಿದರು. ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಚಿಕ್ಕ ಹುಡುಗಿಯ ಹಾಗೆ ನಕ್ಕರು. ನನಗೆ ದ್ವೀಪ, ಅಂಕ ಎಲ್ಲ ಮರೆತು, ಇವರನ್ನು ಮೊದಲೇ ಕರೆತರಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ಆಜ್ಞೆಯಾಯಿತು: “ಸಿಹಿ ಐತೆ. ಕ್ಯಾನಿನಾಗಿರೋದನ್ನ ಆ ಮರಕ್ಕೆ ಹಾಕಿ, ಇದನ್ನ ತುಂಬ್ರಿ. ಬೀದಿಯೋರಿಗೆಲ್ಲ ಒಂದೊಂದು ಲೋಟ ಕೊಡೋಣ.” ಅರ್ಧ ಖಾಲಿಯಾಗಿ ಹಗುರವಾಗಿದ್ದ ಕ್ಯಾನು ಮತ್ತೆ ಹತ್ತು ಲೀಟರಾಯಿತು.

ಹಿಂದಿರುಗುವ ರೈಲಿನಲ್ಲಿ ಹೆಂಗಸರಿಬ್ಬರಿಗೆ ಮಾತ್ರ ಸೀಟು ಸಿಕ್ಕಿತು. ನಾನು ಅವರೆದುರು ನೆಲದ ಮೇಲೆ ಟವೆಲ್ ಹಾಸಿ, ಕ್ಯಾನನ್ನು ತಬ್ಬಿಕೊಂಡು ಕೂತೆ. ದಣಿವಿಗೆ ಹಾಗೇ ಕಣ್ಣು ಮುಚ್ಚಿತು. ಜನರ ಕೂಗಿಗೆ ಎಚ್ಚರವಾದರೆ ಎಲ್ಲರೂ ಕಾಲು ಮೇಲೆತ್ತಿ ಕೂತಿದ್ದಾರೆ. ಮುಚ್ಚಳ ಸಡಿಲವಾಗಿ ಕಾವೇರಿ ಬೋಗಿಯ ತುಂಬ ಹರಿದಿದ್ದಳು. ಏಳೋಣವೆಂದರೆ ಕಾಲು ಜೋಮು ಹಿಡಿದಿತ್ತು.

ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. ಎಳೆ ತಪ್ಪಿಲ್ಲದ ಸೀರೆ ನೋಡುವಾಗಿನ ತೃಪ್ತಿ ಆ ಮುಖದಲ್ಲಿತ್ತು.

“ಈಗ ಕಂಡೆ ನೋಡ್ರಿ ಅಳಿಯಂದ್ರೆ. ಸುತ್ತಲೂ ನೀರು, ನಡುವೆ ನೀವು!”

‘ಸುತ್ತಲೂ’ ಎಂಬುದನ್ನು ಅವರು ಮರೆತಿರಲಿಲ್ಲ. ಒದ್ದೆ ಪಂಚೆಯಲ್ಲೇ ಕೂತು ಪೂರ್ತಿ ಅಂಕ ಕೊಟ್ಟೆ.